ಅಕ್ಷಾಂಶ ಮತ್ತು ರೇಖಾಂಶ: ನೌಕಾಯಾನದಲ್ಲಿ

ಸಮುದ್ರದಲ್ಲಿ ಹಡಗಿನ ಸ್ಥಾನವನ್ನು ಸೂಚಿಸುವ ಎರಡು ಕೋನೀಯ ಅಳತೆಗಳು. ಸಮಭಾಜಕ ವೃತ್ತದಿಂದ ಉತ್ತರಕ್ಕೂ ದಕ್ಷಿಣಕ್ಕೂ 90°ವರೆಗೆ ಎಣಿಸುವುದು ಅಕ್ಷಾಂಶ. ಗ್ರೀನಿಚ್‌ನಿಂದ ಪೂರ್ವಕ್ಕೂ ಪಶ್ಚಿಮಕ್ಕೂ 180°ವರೆಗೆ ಎಣಿಸುವುದು ರೇಖಾಂಶ. ಒಂದು ಡಿಗ್ರಿಗೆ 60 ಕಲೆಗಳು. ಮಂಗಳೂರಿನ ಸ್ಥಾನ ಸುಮಾರು 12°52′ ಉ., 74°50′ ಪೂ.

ಅಕ್ಷಾಂಶದ ಒಂದು ಕಲೆ ಹೆಚ್ಚುಕಡಿಮೆ ಒಂದು ನಾವಿಕ ಮೈಲಿಗೆ (1,852 ಮೀ.) ಸಮ. ಆದ್ದರಿಂದ ಮರ್ಕೇಟರ್ ನಕ್ಷೆಯಲ್ಲಿ ದೂರವನ್ನು ಎಡಬಲ ಅಂಚಿನ ಅಕ್ಷಾಂಶ ಮಾಪಕದಲ್ಲಿ, ಹಡಗಿರುವ ಭಾಗದ ನೇರಕ್ಕೇ ಅಳೆಯಬೇಕು. ರೇಖಾಂಶಗಳು ಧ್ರುವಗಳಲ್ಲಿ ಕೂಡುವುದರಿಂದ ಅವುಗಳ ನಡುವಣ ಅಂತರ 60° ಅಕ್ಷಾಂಶದಲ್ಲಿ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಮೇಲು-ಕೆಳ ಅಂಚಿನ ರೇಖಾಂಶ ಮಾಪಕ ದೂರಕ್ಕೆ ಒದಗದು.

ಉತ್ತರ ಗೋಳಾರ್ಧದಲ್ಲಿ ಧ್ರುವ ನಕ್ಷತ್ರದ ಎತ್ತರದಿಂದ ಅಕ್ಷಾಂಶ ತಿಳಿಯುತ್ತದೆ. ಅರಬ್ಬೀ ಸಮುದ್ರದ ನಾವಿಕರು ಇದಕ್ಕೆ ಗಂಟುದಾರದ ಹಲಗೆಯಾದ ಕಮಾಲ್ ಬಳಸುತ್ತಿದ್ದರು. ರೇಖಾಂಶಕ್ಕೆ ನಿಖರವಾದ ಗಡಿಯಾರ ಅಗತ್ಯ. ಭೂಮಿ ಗಂಟೆಗೆ 15° ತಿರುಗುವುದರಿಂದ ಸ್ಥಳೀಯ ವೇಳೆಗೂ ಗ್ರೀನಿಚ್ ವೇಳೆಗೂ ಇರುವ ಪ್ರತಿ 4 ನಿಮಿಷಗಳ ವ್ಯತ್ಯಾಸ ಒಂದು ಡಿಗ್ರಿಯಾಗುತ್ತದೆ. ಸಮುದ್ರದಲ್ಲಿ ರೇಖಾಂಶ ತಿಳಿಯುವ ಸಮಸ್ಯೆಯ ಪರಿಹಾರಕ್ಕೆ ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ಬಹುಮಾನ ಘೋಷಿಸಿತು. ಅದಕ್ಕಾಗಿ ಜಾನ್ ಹ್ಯಾರಿಸನ್ ರೂಪಿಸಿದ ಎಚ್-4 ಗಡಿಯಾರವನ್ನು 1761-62ರ ಜಮೈಕಾ ಯಾನದಲ್ಲಿ ಪರೀಕ್ಷಿಸಲಾಯಿತು. 1884ರ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ ರೇಖೆಯನ್ನು ಶೂನ್ಯ ರೇಖಾಂಶವೆಂದು ಅಂಗೀಕರಿಸಿತು. ಇಂದಿನ ಜಿಪಿಎಸ್ ಉಪಕರಣಗಳೂ ಹಡಗಿನ ಸ್ಥಾನವನ್ನು ಇದೇ ಎರಡು ಅಳತೆಗಳಲ್ಲಿ ತೋರಿಸುತ್ತವೆ.