ಶುಶ್ರೂಷಾ ಶಿಕ್ಷಣದಲ್ಲಿ ಕೃತಕ ರೋಗಿ: ಒಂದು ಚಾರಿತ್ರಿಕ ನೋಟ

ಆಧುನಿಕ ಶುಶ್ರೂಷಾ ಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ನೈಟಿಂಗೇಲ್ ಶಾಲೆಯಿಂದ ಗುರುತಿಸಲಾಗುತ್ತದೆ. ಅಲ್ಲಿ ಕಲಿಕೆಯ ಮುಖ್ಯ ನೆಲೆ ಆಸ್ಪತ್ರೆಯ ವಾರ್ಡೇ ಆಗಿತ್ತು. ಈ ಪದ್ಧತಿಯೊಳಗೆ ಒಂದು ನೈತಿಕ ತೊಡಕು ಅಡಗಿತ್ತು: ಕಲಿಯುವವಳ ತಪ್ಪಿನ ನೋವನ್ನು ರೋಗಿಯೇ ಉಣ್ಣಬೇಕಾಗಿತ್ತು.

ಈ ತೊಡಕಿಗೆ ಅಮೆರಿಕದಲ್ಲಿ ದೊರೆತ ಒಂದು ಪರಿಹಾರ 1911ರದು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಆಸ್ಪತ್ರೆಯ ತರಬೇತಿ ಶಾಲೆಗಾಗಿ, ಮಕ್ಕಳ ಗೊಂಬೆಗಳ ತಯಾರಿಕೆಗೆ ಹೆಸರಾಗಿದ್ದ ರೋಡ್ ಐಲೆಂಡಿನ ಮಾರ್ಥಾ ಜೆಂಕಿನ್ಸ್ ಚೇಸ್ ಅವರು ಆಳೆತ್ತರದ ಗೊಂಬೆಯೊಂದನ್ನು ರೂಪಿಸಿದರು. ಮಗ್ಗುಲು ಹೊರಳಿಸುವುದು, ಉಡುಪು ಬದಲಿಸುವುದು, ಹಾಸಿಗೆಯಿಂದ ಎತ್ತುವುದು ಮೊದಲಾದ ಕ್ರಿಯೆಗಳನ್ನು ಅದರ ಮೇಲೆ ಅಭ್ಯಾಸ ಮಾಡಬಹುದಾಗಿತ್ತು. 1914ರ ಸುಧಾರಿತ ರೂಪದಲ್ಲಿ ಚುಚ್ಚುಮದ್ದಿಗೆ ತೋಳಿನಲ್ಲಿ ಸ್ಥಾನವೂ ದೇಹದೊಳಗೆ ದ್ರವಕೋಶವೂ ಸೇರಿದವು. ಈ ಗೊಂಬೆ 'ಮಿಸೆಸ್ ಚೇಸ್' ಎಂದೇ ಪ್ರಸಿದ್ಧವಾಯಿತು. ಉಪಕರಣವೊಂದಕ್ಕೆ ಗೃಹಿಣಿಯ ಗೌರವದ ಹೆಸರು ಸಂದದ್ದು ಗಮನಾರ್ಹ. ಆದರೆ ಹೆಸರಿದ್ದರೂ ಅದಕ್ಕೆ ಮಾತಿರಲಿಲ್ಲ. ಒರಟು ಸ್ಪರ್ಶಕ್ಕೂ ಮೃದು ಸ್ಪರ್ಶಕ್ಕೂ ಅದರ ಉತ್ತರ ಒಂದೇ ಆಗಿತ್ತು.

ಮಾತನಾಡುವ ಕೃತಕ ರೋಗಿ ಬಂದದ್ದು ವೈದ್ಯಶಿಕ್ಷಣದ ಕಡೆಯಿಂದ. 1963ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರರೋಗತಜ್ಞ ಹೊವರ್ಡ್ ಬ್ಯಾರೋಸ್ ಅವರು ಆರೋಗ್ಯವಂತರಿಗೆ ರೋಗಿಯ ಪಾತ್ರವನ್ನು ಕಲಿಸಿ, ವಿದ್ಯಾರ್ಥಿಗಳ ಪರೀಕ್ಷೆಗೆ ಬಳಸಿದರು. ಪಾತ್ರಧಾರಿಯು ಅಭ್ಯಾಸ ಮುಗಿದ ಬಳಿಕ ತನಗಾದ ಅನುಭವವನ್ನು ಹೇಳಬಲ್ಲವನಾದ್ದರಿಂದ, ತನ್ನ ನಡೆ ರೋಗಿಗೆ ಹೇಗೆ ತಟ್ಟಿತೆಂಬುದು ಕಲಿಯುವವರಿಗೆ ತಿಳಿಯುವಂತಾಯಿತು. 1979ರಲ್ಲಿ ಪ್ರಕಟವಾದ ಜೀನ್ ವಾಟ್ಸನ್ ಅವರ ಗ್ರಂಥವು ಕಾಳಜಿಯನ್ನೇ ಶುಶ್ರೂಷೆಯ ತಿರುಳೆಂದು ಪ್ರತಿಪಾದಿಸಿತು. ಹೀಗೆ ಕಾಳಜಿಯು ಹುಟ್ಟುಗುಣವೆಂಬ ಭಾವನೆಯ ಬದಲಿಗೆ, ಕಣ್ಣಿಟ್ಟು ನೋಡುವುದು, ಅನುಮತಿ ಕೇಳಿ ಮುಟ್ಟುವುದು, ಮೌನವಾಗಿ ಆಲಿಸುವುದು ಮುಂತಾದ ಕಲಿಸಬಹುದಾದ ನಡೆಗಳಾಗಿ ಅದನ್ನು ಕಾಣುವ ದಾರಿ ತೆರೆಯಿತು.

ಅಮೆರಿಕದ ಶುಶ್ರೂಷಾ ಮಂಡಳಿಗಳ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಆಸ್ಪತ್ರೆಯ ತರಬೇತಿ ಅವಧಿಯಲ್ಲಿ ಶೇಕಡಾ 50ರವರೆಗೆ ಉತ್ತಮ ಗುಣಮಟ್ಟದ ಅನುಕರಣಾಭ್ಯಾಸಕ್ಕೆ ಮೀಸಲಿಟ್ಟರೂ ಕಲಿಕೆಯ ಫಲಿತಾಂಶ ಕುಂದಲಿಲ್ಲವೆಂದು ತೋರಿಸಿತು. ತರಬೇತಿ ಪಡೆದ ಬೋಧಕರು ಮತ್ತು ಅಭ್ಯಾಸಾನಂತರದ ಕ್ರಮಬದ್ಧ ಸಮಾಲೋಚನೆ ಅದರ ಷರತ್ತುಗಳಾಗಿದ್ದವು.

ಕೃತಕ ರೋಗಿಯ ಮುಂದೆ ಸಾಂತ್ವನದ ಮಾತು ಬಾಯಿಪಾಠವಾಗಿಬಿಡುವ ಅಪಾಯ ಇಲ್ಲದಿಲ್ಲ. ಆ ಅಪಾಯವನ್ನು ತಡೆಯಬಲ್ಲದ್ದು ಯಂತ್ರದ ನೈಜತೆಯಲ್ಲ, ಅಭ್ಯಾಸದ ನಂತರ ನಡೆಯುವ ಆತ್ಮಾವಲೋಕನ. ಗೊಂಬೆಯು ರೋಗಿಯನ್ನು ಕಲಿಯುವವರ ತಪ್ಪಿನಿಂದ ಕಾಪಾಡಿತು; ರೋಗಿಯ ನೋವನ್ನು ಅರಿಯುವ ಪಾಠಕ್ಕೆ ಮಾತ್ರ ಮನುಷ್ಯನ ಮರುಮಾತೇ ಬೇಕಾಯಿತೆಂಬುದು ಈ ಚರಿತ್ರೆಯಿಂದ ವ್ಯಕ್ತವಾಗುತ್ತದೆ.