ಅಮೃತಾ ಶೇರ್‌ಗಿಲ್ ದಕ್ಷಿಣಕ್ಕೆ ಬಂದಾಗ

1936ರ ಕೊನೆಯಲ್ಲಿ ದಕ್ಷಿಣದತ್ತ ಹೊರಟಾಗ ಅಮೃತಾ ಶೇರ್‌ಗಿಲ್ ಅವರಿಗೆ 23 ವರ್ಷ. ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ, ತಾಯಿ ಹಂಗೇರಿಯವರು, ತಂದೆ ಪಂಜಾಬಿನ ಸಿಖ್ಖರು. ಪ್ಯಾರಿಸ್ಸಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತು 1934ರ ಕೊನೆಗೆ ಭಾರತಕ್ಕೆ ಮರಳಿ, ಶಿಮ್ಲಾದಲ್ಲಿ ಬೆಟ್ಟದ ಜನರನ್ನು ಚಿತ್ರಿಸತೊಡಗಿದ್ದರು. ಆ ಚಿತ್ರಗಳಲ್ಲಿ ಹಿಮಾಲಯದ ತಪ್ಪಲಿನ ಚಳಿಗಾಲವಿದೆ: ಮಂಕು ಬೆಳಕು, ಮೈತುಂಬ ಹೊದ್ದ ಬಟ್ಟೆ, ಬಾಡಿದ ಮುಖ. ವಸ್ತು ಭಾರತದ್ದು, ಆದರೆ ಕುಂಚದ ವರಸೆ ಇನ್ನೂ ಪ್ಯಾರಿಸ್ಸಿನದು.

ಮುಂಬಯಿ, ಅಜಂತಾ, ಎಲ್ಲೋರಾ, ಹೈದರಾಬಾದ್ ದಾಟಿ ಅವರು ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಿಗೆ ಬಂದರು. ಅಲ್ಲಿ ಎಲ್ಲವೂ ತಿರುಗುಮುರುಗು. ಜನ ಮೈಮೇಲೆ ಹೊದ್ದದ್ದು ಕಡಿಮೆ, ಹೊದ್ದದ್ದರಲ್ಲಿ ಹೆಚ್ಚಿನದು ಬಿಳಿ. ಕಪ್ಪು ಮೈ, ಬಿಳಿ ಮುಂಡು, ಕೆಂಪು ಮಣ್ಣು, ಸುತ್ತ ದಟ್ಟ ಹಸಿರು. ನೆರಳು ಬೆಳಕಿನ ಸೂಕ್ಷ್ಮ ಏರಿಳಿತದಿಂದ ದೇಹಕ್ಕೆ ದುಂಡುತನ ಕೊಡುವ ಯುರೋಪಿನ ಪಾಠಕ್ಕೆ ಇಲ್ಲಿ ಹೆಚ್ಚು ಕೆಲಸವಿರಲಿಲ್ಲ. ಬಣ್ಣದ ಪಕ್ಕದಲ್ಲಿ ಬಣ್ಣವಿಟ್ಟರೆ ಸಾಕು, ಆಕಾರ ತಾನೇ ಎದ್ದು ನಿಲ್ಲುತ್ತಿತ್ತು.

ಅದನ್ನು ಮಾಡುವ ಬಗೆ ಕೊಚ್ಚಿಯ ಗೋಡೆಗಳ ಮೇಲಿತ್ತು. ಮಟ್ಟಾಂಚೇರಿಯ ಅರಮನೆ ಪೋರ್ಚುಗೀಸರು 16ನೇ ಶತಮಾನದ ಮಧ್ಯದಲ್ಲಿ ಕೊಚ್ಚಿಯ ಅರಸರಿಗೆ ಕಟ್ಟಿಕೊಟ್ಟದ್ದು. 1663ರ ನಂತರ ಡಚ್ಚರು ದುರಸ್ತಿ ಮಾಡಿದ್ದರಿಂದ ಡಚ್ ಅರಮನೆ ಎಂದೇ ಹೆಸರಾಯಿತು. ಮೇಲಿನ ಪಳ್ಳಿಯರೆಯಲ್ಲಿ, ಅಂದರೆ ಅರಸರ ಮಲಗುವ ಕೋಣೆಯಲ್ಲಿ, ರಾಮಾಯಣ. ಕೆಳಗಿನ ಕೋಣೆಗಳಲ್ಲಿ ಶಿವ, ಕೃಷ್ಣ, ಸಖಿಯರು. ಕಾವಿ ಕೆಂಪು, ಹಳದಿ, ಹಸಿರು, ಎಣ್ಣೆದೀಪದ ಮಸಿಯ ಕಪ್ಪು. ಬಿಳಿಗೆ ಸುಣ್ಣದ ಗಾರೆಯೇ ಸಾಕು, ಅಲ್ಲಿ ಬಣ್ಣ ಹಚ್ಚದೆ ಬಿಟ್ಟರಾಯಿತು. ಗೋಡೆಯಲ್ಲಿ ಅಂಗುಲ ಜಾಗವೂ ಖಾಲಿಯಿಲ್ಲ, ಆದರೂ ರೇಖೆ ಎಲ್ಲೂ ತಡವರಿಸುವುದಿಲ್ಲ. ಅಮೃತಾ ಅಲ್ಲಿ ಕೂತು ಚಿತ್ರಗಳ ಪ್ರತಿ ಮಾಡಿಕೊಂಡರು. ವಿಮರ್ಶಕ ಕಾರ್ಲ್ ಖಂಡಾಲಾವಾಲಾ ಅವರಿಗೆ ಬರೆದ ಪತ್ರಗಳಲ್ಲಿ ಆ ಬೆರಗು ದಾಖಲಾಗಿದೆ.

ತಿರುವನಂತಪುರದಲ್ಲಿ ಅವರಿಗೆ ಎದುರಾದದ್ದು ರಾಜಾ ರವಿವರ್ಮನ ಕೀರ್ತಿ. ಅದನ್ನು ಅವರು ಒಪ್ಪಲಿಲ್ಲ. ಇಲ್ಲಿ ಇತಿಹಾಸದ ಒಂದು ವಿಚಿತ್ರವಿದೆ. 1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿ ಇದೇ ಮಣ್ಣಿನಲ್ಲಿ ಬೆಳೆದ ರವಿವರ್ಮ ಯುರೋಪಿನ ತೈಲವರ್ಣವನ್ನೂ ನೆರಳು ಬೆಳಕನ್ನೂ ತನ್ನದಾಗಿಸಿಕೊಂಡ. ಆ ವಿದ್ಯೆಯನ್ನು ಅದರ ತವರಿನಲ್ಲೇ ಕಲಿತು ಬಂದವಳು ಇಲ್ಲಿ ಅದನ್ನು ಬಿಡಲು ಕಲಿತಳು.

ಫಲ ಕಂಡದ್ದು ಶಿಮ್ಲಾಕ್ಕೆ ಮರಳಿದ ಮೇಲೆ. 1937ರಲ್ಲಿ ಮೂರು ದೊಡ್ಡ ಚಿತ್ರಗಳು ಬಂದವು: ವಧುವಿನ ಅಲಂಕಾರ, ಬ್ರಹ್ಮಚಾರಿಗಳು, ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು. ಬ್ರಹ್ಮಚಾರಿಗಳಲ್ಲಿ ಕೆಂಗಂದು ಹಿನ್ನೆಲೆಯ ಮುಂದೆ ಐವರು ಹುಡುಗರು, ಬಿಳಿ ಪಂಚೆ. ಮರವಿಲ್ಲ, ಕಡಲಿಲ್ಲ, ತೆಂಗಿಲ್ಲ. ಆದರೂ ಊರು ಯಾವುದೆಂದು ಕೇಳಬೇಕಿಲ್ಲ. ನೆಲವು ಚಿತ್ರದ ವಸ್ತುವಾಗದೆ ವ್ಯಾಕರಣವಾಗಿತ್ತು.

ಈ ಚಿತ್ರಗಳಲ್ಲಿ ಕಾಣದ್ದೂ ಇದೆ. 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜರು ಎಲ್ಲ ಜಾತಿಯ ಹಿಂದೂಗಳಿಗೂ ದೇವಾಲಯ ಪ್ರವೇಶ ಘೋಷಿಸಿದ್ದರು. ಮರುವರ್ಷದ ಜನವರಿಯಲ್ಲಿ ಗಾಂಧೀಜಿ ಅಲ್ಲಿ ಸಂಚರಿಸಿದರು. ಜನಿವಾರದ ಹುಡುಗರು ಕುಳಿತ ಆ ಮೌನದೊಳಗೆ ಹೊರಗಿನ ಗದ್ದಲ ಬರಲೇ ಇಲ್ಲ. ಕೆಲವು ವಾರಗಳಲ್ಲಿ ಕಣ್ಣು ಒಂದು ನಾಡಿನ ಬಣ್ಣ ಹಿಡಿಯಬಲ್ಲದು. ಅದರ ಜಗಳಗಳನ್ನು ಅರಿಯಲು ಹೆಚ್ಚು ಕಾಲ ಬೇಕು. ಅಮೃತಾ ಅವರಿಗೆ ಆ ಕಾಲ ಸಿಗಲಿಲ್ಲ. 1941ರ ಡಿಸೆಂಬರ್ 5ರಂದು ಲಾಹೋರಿನಲ್ಲಿ ತೀರಿಕೊಂಡಾಗ ಅವರಿಗೆ 28.

ಅವರು ತೆರೆದ ದಾರಿ ಮಾತ್ರ ಉಳಿಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋದ ಕೆ. ಕೆ. ಹೆಬ್ಬಾರರ 1940ರ ದಶಕದ ಚಿತ್ರಗಳಲ್ಲಿ ಆ ಪ್ರಭಾವವನ್ನು ವಿಮರ್ಶಕರು ಗುರುತಿಸಿದ್ದಾರೆ. ಕರಾವಳಿಯಲ್ಲೇ ಹುಟ್ಟಿದ ಹೆಬ್ಬಾರರಿಗೆ ಆ ಕೆಂಪು ಮಣ್ಣು, ಆ ಬಿಳಿ ಪಂಚೆ ಹೊಸತಲ್ಲ. ಹೊಸತೆಂದರೆ, ಅದನ್ನು ಅದರದೇ ಬಣ್ಣದಲ್ಲಿ ಬರೆಯಬಹುದೆಂಬ ಧೈರ್ಯ.