ಕಥೆಯ ದಾರಿಯಲ್ಲಿ ಇಂಗ್ಲಿಷ್ ಶಬ್ದಗಳು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಮಕ್ಕಳು ಅನೇಕ. ಎರಡನ್ನೂ ಸಲೀಸಾಗಿ ಆಡುವ ಇವರೇ ಇಂಗ್ಲಿಷ್ ಪುಸ್ತಕ ತೆರೆದೊಡನೆ ಮೌನವಾಗುತ್ತಾರೆ. ಎರಡು ಭಾಷೆಗಳನ್ನು ಶಬ್ದಪಟ್ಟಿಯಿಲ್ಲದೆ ಕಲಿತವರಿಗೆ ಮೂರನೆಯದೇಕೆ ಕಷ್ಟ? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

1818ರಲ್ಲಿ ಪೇಶ್ವೆಯವರ ಆಳಿಕೆ ಮುಗಿದು ಈ ಸೀಮೆಗೆ ಈಸ್ಟ್ ಇಂಡಿಯಾ ಕಂಪನಿ ಕಾಲಿಟ್ಟಿತು. ಚಿಕ್ಕೋಡಿ, ಅಥಣಿಗಳು ಕ್ರಮೇಣ ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಅದೇ ಕಂಪನಿಯ ಲಂಡನ್ ಕಚೇರಿಯಲ್ಲಿ ಆಗ ಚಾರ್ಲ್ಸ್ ಲ್ಯಾಂಬ್ ಎಂಬ ಗುಮಾಸ್ತನಿದ್ದ. ಅವನೂ ಅವನ ಅಕ್ಕ ಮೇರಿಯೂ ಸೇರಿ 1807ರಲ್ಲಿ ಷೇಕ್ಸ್‌ಪಿಯರನ 20 ನಾಟಕಗಳನ್ನು ಎಳೆಯರಿಗಾಗಿ ಕಥೆಗಳಾಗಿ ಬರೆದಿದ್ದರು. ಆ ಪುಸ್ತಕ ಮುಂದೆ ಭಾರತದ ಎಷ್ಟೋ ಶಾಲೆಗಳ ಪಠ್ಯವಾಯಿತು.

ಆ ಕಥೆಗಳಲ್ಲೊಂದು 'ದಿ ಕಾಮೆಡಿ ಆಫ್ ಎರರ್ಸ್'. ಇದೇ ನಾಟಕದ ಕಥೆಯನ್ನು 1871ರಲ್ಲಿ 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಿಂದ ಕನ್ನಡಕ್ಕೆ ತಂದವರು ಡೆಪ್ಯುಟಿ ಚನ್ನಬಸಪ್ಪನವರು. ಶಿಕ್ಷಣಾಧಿಕಾರಿಯಾಗಿ ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು ಅವರು, 1881ರಲ್ಲಿ ತೀರಿಕೊಂಡರು. ಕನ್ನಡದ ಮೇಲಿನ ಪ್ರೀತಿ ಅವರನ್ನು ಇಂಗ್ಲಿಷಿನಿಂದ ದೂರ ಇಡಲಿಲ್ಲವೆಂಬುದನ್ನು ಗಮನಿಸಿ.

ಆ ಕಥೆ ಗಡಿಯವರಿಗೆ ಹೊಸದೇನಲ್ಲ. ಎರಡು ಊರುಗಳಿಗೆ ವೈರ; ಅತ್ತಣ ವ್ಯಾಪಾರಿ ಇತ್ತ ಬಂದರೆ ದಂಡ, ಇಲ್ಲವೆ ತಲೆದಂಡ. ಒಂದೇ ಹೆಸರಿನ ಅವಳಿ ಅಣ್ಣತಮ್ಮಂದಿರು, ಅವರಿಗೆ ಅವಳಿ ಆಳುಗಳು. ಅಕ್ಕಸಾಲಿಗ ಸರವನ್ನು ಒಬ್ಬನಿಗೆ ಕೊಟ್ಟು ದುಡ್ಡನ್ನು ಇನ್ನೊಬ್ಬನಿಗೆ ಕೇಳುತ್ತಾನೆ! ಇಲ್ಲಿ 'ಮರ್ಚೆಂಟ್', 'ಗೋಲ್ಡ್‌ಸ್ಮಿತ್', 'ಚೈನ್' ಎಂಬ ಶಬ್ದಗಳು ಒಂದು ಜಗಳದ ಎಳೆಯಲ್ಲಿ ಪೋಣಿಸಿಕೊಂಡು ಬರುತ್ತವೆ. ಹಾಗೆ ಬಂದವು ಮರೆಯುವುದಿಲ್ಲ.

ನುಡಿಗಟ್ಟೂ ಹಾಗೆಯೇ. ಹೆಂಡತಿ ಮೈದುನನನ್ನೇ ಗಂಡನೆಂದು ತಿಳಿದು ಊಟಕ್ಕೆ ಕರೆಯುತ್ತಾಳೆ. ಕನ್ನಡದಲ್ಲಿ 'ಎಂದು' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ಫಾರ್' ಮಾಡುತ್ತದೆ: 'ಮಿಸ್ಟೇಕ್ ಹಿಮ್ ಫಾರ್ ಹರ್ ಹಸ್ಬೆಂಡ್'. 'ಫಾರ್ ಅಂದರೆ ಗೋಸ್ಕರ' ಎಂದಷ್ಟೇ ಬಾಯಿಪಾಠ ಮಾಡಿದವನಿಗೆ ಈ ಮಾತು ಅರ್ಥವೇ ಆಗದು. ವಿಜ್ಞಾನ ಓದಿದ ನಾನು ಹೇಳುವುದಾದರೆ, ಪಟ್ಟಿಯ ಶಬ್ದ ಸೂತ್ರವಿದ್ದಂತೆ, ಕಥೆ ಪ್ರಯೋಗವಿದ್ದಂತೆ. ಪ್ರಯೋಗ ಮಾಡದವನ ಸೂತ್ರ ಪರೀಕ್ಷೆಯ ಮರುದಿನವೇ ಆವಿಯಾಗುತ್ತದೆ.

ಪಟ್ಟಿಗೆ ಬೆಲೆಯಿಲ್ಲವೆಂದಲ್ಲ. ಢಾಕಾದಲ್ಲಿ ಶಿಕ್ಷಕರಾಗಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಮುಖ್ಯ ಶಬ್ದಗಳ ಪಟ್ಟಿ ಪ್ರಕಟಿಸಿದರು. ಆದರೆ ಅವರೂ ಮಿತ ಶಬ್ದಗಳಲ್ಲಿ ಓದುವ ಪುಸ್ತಕಗಳನ್ನು ಸಿದ್ಧಪಡಿಸಿದ್ದರು. ಪಟ್ಟಿ ಇದ್ದದ್ದು ಓದಿಗಾಗಿ. ಓದನ್ನು ಬಿಟ್ಟು ಪಟ್ಟಿಯನ್ನಷ್ಟೇ ಹಿಡಿದುಕೊಂಡವರು ನಾವು.

2007ರಿಂದ ನಮ್ಮ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ವರ್ಷಗಳು ಹೆಚ್ಚಿದರೆ ಸಾಲದು, ದಾರಿಯೂ ಸರಿಯಿರಬೇಕು. ಮೊದಲು ಕಥೆಯನ್ನು ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿ. ಆಮೇಲೆ ಇಂಗ್ಲಿಷಿನಲ್ಲಿ ಓದಿ. ಹೊಸ ಶಬ್ದವನ್ನು ಅದು ಬಂದ ವಾಕ್ಯದೊಡನೆಯೇ ಬರೆದಿಡಿ. ಕೊನೆಗೆ ಅದರಿಂದ ನಿಮ್ಮೂರ ಸಂತೆಯ ಬಗ್ಗೆ ಒಂದು ವಾಕ್ಯ ಕಟ್ಟಿ. ಎರಡು ಭಾಷೆ ಬಲ್ಲ ನಿಮಗೆ ಮೂರನೆಯದು ಭಾರವಲ್ಲ.